ಪಂಕ್ತಿಭೇದವಿಲ್ಲದ ದ್ರಾಕ್ಷಾರಸ



ಕೆಲವು ವರ್ಷಗಳ ಹಿಂದಿನ ಮಾತು. ಕ್ರಿಸ್ಮಸ್ ಹಬ್ಬದ ಬಲಿಪೂಜೆಯ ನಂತರ ನಮ್ಮ ಧರ್ಮಕೇಂದ್ರದ ಒಂದು ಮನೆಯವರು ನನ್ನನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ವಿದೇಶದಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗ ಎರಡು ಸೀಸೆ ವೈನ್ ತಂದಿದ್ದ. “ಮೀನಿಗೆ ಬಿಳಿ ವೈನ್, ಮಟನ್ನಿಗೆ ಕೆಂಪು ವೈನ್, ಫಾದರ್. ಅದಲುಬದಲಾದರೆ ರುಚಿ ಕೆಡುತ್ತದೆ” ಎಂದು ಆತ ವಿವರಿಸಿದ. ಬೆಂಗಳೂರು ನೀಲಿ ದ್ರಾಕ್ಷಿಗೆ ಸಕ್ಕರೆ, ಲವಂಗ, ಚಕ್ಕೆ ಸೇರಿಸಿ, ಜಾಡಿಯಲ್ಲಿಟ್ಟು ಸೋಸಿದ ತನ್ನ ವೈನಿನ ಮುಂದೆ ಇವೆಲ್ಲ ಯಾವ ಲೆಕ್ಕಕ್ಕೂ ಇಲ್ಲವೆಂದು ಅಜ್ಜಿ ವಾದಿಸಿದರು. ನಗೆಮಾತು ನಡೆದಿರುವಾಗಲೇ ಆ ಮನೆಯ ಅಳಿಯ ತನ್ನ ಮುಂದಿದ್ದ ಗ್ಲಾಸನ್ನು ಮೆಲ್ಲನೆ ಬೋರಲು ಹಾಕಿದ. ಆತ ಕುಡಿತ ಬಿಟ್ಟು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅವನ ಹೆಂಡತಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಮೇಜಿನ ಸುತ್ತ ಒಂದು ಕ್ಷಣ ಮೌನ ಕವಿಯಿತು.

ಯಾವ ಊಟಕ್ಕೆ ಯಾವ ವೈನ್ ಹೊಂದುತ್ತದೆ ಎಂಬ ಬಗ್ಗೆ ಇಂದು ಎಲ್ಲರಿಗೂ ಒಂದೊಂದು ಅಭಿಪ್ರಾಯವಿದೆ. ಊಟದೊಡನೆ ವೈನ್ ಕುಡಿಯುವುದು ಸರಿಯೇ ತಪ್ಪೇ ಎಂದು ನನ್ನನ್ನು ಕೇಳುವವರೂ ಇದ್ದಾರೆ. ಆದರೆ ಕ್ರೈಸ್ತ ಸಮುದಾಯದ ಚರಿತ್ರೆಯನ್ನು ತೆರೆದು ನೋಡಿದರೆ, ಊಟದ ಮೇಜಿನ ಮೇಲಿನ ದ್ರಾಕ್ಷಾರಸ ಮೊದಲಿನಿಂದಲೂ ಬೇರೊಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ. ಮೇಜಿನ ಸುತ್ತ ಯಾರು ಕುಳಿತಿದ್ದಾರೆ, ಯಾರಿಗೆ ಏನನ್ನು ಬಡಿಸಲಾಗುತ್ತಿದೆ ಎಂಬುದೇ ಆ ಪ್ರಶ್ನೆ.

ಯೇಸುಸ್ವಾಮಿಯ ಕಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ರೊಟ್ಟಿ, ಆಲಿವ್ ಎಣ್ಣೆ, ದ್ರಾಕ್ಷಾರಸ ನಿತ್ಯದ ಆಹಾರವಾಗಿದ್ದವು. ನಮ್ಮ ಊಟಕ್ಕೆ ಮಜ್ಜಿಗೆ ಹೇಗೋ ಅವರ ಊಟಕ್ಕೆ ದ್ರಾಕ್ಷಾರಸ ಹಾಗೆ. ಅದನ್ನು ನೀರು ಬೆರೆಸಿಯೇ ಕುಡಿಯುತ್ತಿದ್ದರು. ಬೆರೆಸದೆ ಕುಡಿಯುವವನನ್ನು ಗ್ರೀಕರು ಅನಾಗರಿಕನೆಂದು ಹಳಿಯುತ್ತಿದ್ದರು. ಸುಮಾರು 155ರಲ್ಲಿ ಸಂತ ಜಸ್ಟಿನರು ಕ್ರೈಸ್ತರ ಆರಾಧನೆಯನ್ನು ರೋಮನ್ ಚಕ್ರವರ್ತಿಗೆ ವಿವರಿಸುವಾಗ, ರೊಟ್ಟಿಯ ಜೊತೆಗೆ ನೀರು ಬೆರೆಸಿದ ದ್ರಾಕ್ಷಾರಸದ ಪಾತ್ರೆಯನ್ನೂ ಹೆಸರಿಸಿದ್ದಾರೆ. ಇಂದು ಬಲಿಪೂಜೆಯಲ್ಲಿ ಯಾಜಕರು ಪಾತ್ರೆಗೆ ಒಂದೆರಡು ಹನಿ ನೀರು ಸೇರಿಸುವುದನ್ನು ನೀವು ನೋಡಿದ್ದೀರಿ. ಆ ಕಾಲದ ಮನೆಯೂಟದ ರೂಢಿಯೇ ಅಲ್ಲಿ ಉಳಿದುಬಂದಿದೆ. ಕ್ರಿಸ್ತರ ದೈವತ್ವದಲ್ಲಿ ನಾವು ಪಾಲುಗೊಳ್ಳುತ್ತೇವೆ ಎಂಬ ಅರ್ಥವನ್ನು ಧರ್ಮಸಭೆ ಅದಕ್ಕೆ ನೀಡಿದೆ.

ದ್ರಾಕ್ಷಾರಸ ಎಲ್ಲರಿಗೂ ಇತ್ತು, ನಿಜ. ಆದರೆ ಎಲ್ಲರಿಗೂ ಒಂದೇ ದ್ರಾಕ್ಷಾರಸ ಇರಲಿಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ರೋಮಿನ ಕೇಟೋ ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಗುಲಾಮರ ಪಾಲನ್ನು ಗೊತ್ತುಮಾಡಿದ್ದಾನೆ. ಸುಗ್ಗಿಯ ನಂತರ ಮೂರು ತಿಂಗಳ ಕಾಲ ಅವರಿಗೆ ಸಿಗುತ್ತಿದ್ದುದು, ರಸ ಹಿಂಡಿ ಉಳಿದ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ತೆಗೆದ ತೆಳುಪಾನೀಯ. ಸೈನಿಕರು ಹುಳಿಯಾದ ದ್ರಾಕ್ಷಾರಸಕ್ಕೆ ನೀರು ಸೇರಿಸಿ ಕುಡಿಯುತ್ತಿದ್ದರು. ಶಿಲುಬೆಯ ಮೇಲೆ ಬಾಯಾರಿದ ಯೇಸುವಿನ ತುಟಿಗೆ ಸ್ಪಂಜಿನಲ್ಲಿ ಅದ್ದಿ ಹಿಡಿದದ್ದು ಇದನ್ನೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಶ್ರೀಮಂತರ ಮನೆಗಳಲ್ಲಿಯಾದರೋ ಕಂಪಾನಿಯ ಪ್ರಾಂತ್ಯದ ಫಲೆರ್ನಿಯನ್ ದ್ರಾಕ್ಷಾರಸ ವರ್ಷಗಟ್ಟಲೆ ಹಳೆಯದಾಗಿ ಬೆಲೆ ಏರಿಸಿಕೊಳ್ಳುತ್ತಿತ್ತು.

ಒಂದೇ ಊಟಕ್ಕೆ ಕುಳಿತವರ ನಡುವೆಯೂ ಈ ಭೇದ ನಡೆಯುತ್ತಿತ್ತು. ನಮ್ಮ ನಾಡಿನಲ್ಲಿ ಪಂಕ್ತಿಭೇದವೆಂದರೆ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ. ರೋಮಿನ ಗಣ್ಯ ವಕೀಲನಾಗಿದ್ದ ಕಿರಿಯ ಪ್ಲೀನಿ ತರುಣ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ತಾನು ಕಂಡ ಔತಣವೊಂದನ್ನು ವರ್ಣಿಸಿದ್ದಾನೆ. ಆ ಮನೆಯ ಯಜಮಾನ ಪುಟ್ಟ ಸೀಸೆಗಳಲ್ಲಿ ಮೂರು ದರ್ಜೆಯ ದ್ರಾಕ್ಷಾರಸ ಇರಿಸಿದ್ದ. ಒಂದು ತನಗೂ ಗಣ್ಯ ಅತಿಥಿಗಳಿಗೂ, ಇನ್ನೊಂದು ಕೆಳದರ್ಜೆಯ ಸ್ನೇಹಿತರಿಗೆ, ಮೂರನೆಯದು ಬಿಡುಗಡೆ ಹೊಂದಿದ ಗುಲಾಮರಿಗೆ. ಪಕ್ಕದಲ್ಲಿ ಕುಳಿತವನು ನಿಮ್ಮ ಮನೆಯ ಪದ್ಧತಿ ಏನೆಂದು ಕೇಳಿದಾಗ, ತಾನು ಎಲ್ಲರಿಗೂ ಒಂದನ್ನೇ ಬಡಿಸುತ್ತೇನೆ ಎಂದು ಪ್ಲೀನಿ ಉತ್ತರಿಸಿದ. ಖರ್ಚು ಹೆಚ್ಚಲ್ಲವೇ ಎಂಬ ಪ್ರಶ್ನೆಗೆ, ತನ್ನ ದ್ರಾಕ್ಷಾರಸವನ್ನು ಅವರು ಕುಡಿಯುವುದಿಲ್ಲ, ಅವರದನ್ನು ತಾನು ಕುಡಿಯುತ್ತೇನೆ ಎಂದು ಆತ ವಿವರಣೆ ಕೊಟ್ಟ.

ಕ್ರೈಸ್ತರಲ್ಲದವರೊಬ್ಬರ ಈ ಮಾತು ನಮ್ಮನ್ನು ನಾಚಿಸಬೇಕು. ಏಕೆಂದರೆ ಪ್ಲೀನಿಗಿಂತ ಮೊದಲೇ, ಸುಮಾರು 55ರ ಹೊತ್ತಿಗೆ, ಇದೇ ರೋಗ ಕೊರಿಂಥದ ಕ್ರೈಸ್ತರಿಗೂ ತಗುಲಿತ್ತು. ಅಲ್ಲಿನವರು ಪ್ರಭುಭೋಜನಕ್ಕೆ ಸೇರುವಾಗ ತಮ್ಮ ತಮ್ಮ ಊಟವನ್ನು ತಂದು ಮೊದಲೇ ತಿಂದು ಮುಗಿಸುತ್ತಿದ್ದರು. ಪರಿಣಾಮವಾಗಿ ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಅಮಲೇರಿರುತ್ತಿದ್ದ. ಅವರಿಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಸಂತ ಪೌಲರು ಎಷ್ಟು ಕಟುವಾಗಿ ಗದರಿಸುತ್ತಾರೆಂಬುದನ್ನು ಓದಿ ನೋಡಿ. ಕುಡಿದು ಅಮಲೇರಿದ್ದಕ್ಕಿಂತಲೂ, ಇಲ್ಲದವರನ್ನು ನಾಚಿಕೆಪಡಿಸಿದ್ದು ಅವರಿಗೆ ಹೆಚ್ಚು ನೋವು ತಂದಿತ್ತು. ಪರಮಪ್ರಸಾದದ ಸ್ಥಾಪನೆಯ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಈ ಗದರಿಕೆಯ ನಡುವೆಯೇ ಬರುತ್ತದೆಂಬುದನ್ನು ನಾವು ಮರೆಯಬಾರದು.

ಕಾನಾ ಊರಿನ ಮದುವೆಯನ್ನೂ ಈ ಹಿನ್ನೆಲೆಯಲ್ಲಿ ನೆನೆಯಬಹುದು. ಎಲ್ಲರೂ ಮೊದಲು ಒಳ್ಳೆಯ ದ್ರಾಕ್ಷಾರಸ ಬಡಿಸಿ, ಅತಿಥಿಗಳು ಕುಡಿದು ತಣಿದ ಮೇಲೆ ಕಳಪೆಯದನ್ನು ತೆಗೆಯುತ್ತಾರೆ ಎಂದು ಔತಣದ ಮೇಲ್ವಿಚಾರಕ ಬೆರಗಾದನೆಂದು ಯೊವಾನ್ನರು ಬರೆದಿದ್ದಾರೆ. ಅದು ಲೋಕದ ರೂಢಿ. ಯೇಸು ಆರು ಕಲ್ಲಿನ ಬಾನಿಗಳ ತುಂಬ ಶ್ರೇಷ್ಠವಾದುದನ್ನೇ ಕೊಟ್ಟರು, ಅದೂ ಕೊನೆಯಲ್ಲಿ. ತಡವಾಗಿ ಬಂದ ಬಡನೆಂಟನ ಪಾಲಿಗೂ ಅಂದು ಸಿಕ್ಕಿದ್ದು ಮೇಲ್ದರ್ಜೆಯ ದ್ರಾಕ್ಷಾರಸವೇ ಇರಬೇಕು.

ಊಟದೊಡನೆ ದ್ರಾಕ್ಷಾರಸ ಕುಡಿಯುವ ಬಗ್ಗೆ ವಿಸ್ತಾರವಾಗಿ ಬರೆದ ಮೊದಲ ಕ್ರೈಸ್ತ ಗುರುಗಳಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಪ್ರಮುಖರು. ಸುಮಾರು 150ರಿಂದ 215ರವರೆಗೆ ಬದುಕಿದ್ದ ಅವರು ಆ ಶ್ರೀಮಂತ ಬಂದರು ನಗರದಲ್ಲಿ ಕ್ರೈಸ್ತರಿಗೆ ಬೋಧಕರಾಗಿದ್ದರು. ಅಲ್ಲಿನ ಅಂಗಡಿಗಳಿಗೆ ದೇಶದೇಶಗಳ ದ್ರಾಕ್ಷಾರಸ ಹಡಗುಗಳಲ್ಲಿ ಬರುತ್ತಿತ್ತು. ಥಾಸೋಸ್, ಲೆಸ್ಬೋಸ್, ಕ್ರೀಟ್, ಸಿರಾಕ್ಯೂಸ್, ನಕ್ಸೋಸ್, ಇಟಲಿ ಎಂದು ಊರುಗಳ ಪಟ್ಟಿಯನ್ನೇ ಕೊಡುವ ಕ್ಲೆಮೆಂಟರು, ಹಿತಮಿತವಾಗಿ ಕುಡಿಯುವವನಿಗೆ ತನ್ನ ನಾಡಿನದೊಂದೇ ಸಾಕಲ್ಲವೇ ಎಂದು ಕೇಳುತ್ತಾರೆ. ಹರೆಯದವರು ಅದನ್ನು ಮುಟ್ಟಬಾರದು, ಬೆಂಕಿಯ ಮೇಲೆ ಬೆಂಕಿ ಸುರಿಯಬಾರದು ಎಂಬುದು ಅವರ ಎಚ್ಚರಿಕೆ. ದೊಡ್ಡವರು ಸಂಜೆಯ ಊಟದೊಡನೆ ನೀರು ಬೆರೆಸಿ ಕುಡಿಯಲಿ. ಮುದುಕರಿಗೆ ಸ್ವಲ್ಪ ಹೆಚ್ಚು ಸಂತೋಷ ಇರಲಿ. ದ್ರಾಕ್ಷಾರಸವನ್ನು ಅವರು ಕೆಟ್ಟದ್ದೆನ್ನಲಿಲ್ಲ, ಏಕೆಂದರೆ ಕ್ರಿಸ್ತರೇ ಅದನ್ನು ಕುಡಿದಿದ್ದರು. ಅದರ ಆಯ್ಕೆಯಲ್ಲಿ ತೋರುವ ಡೌಲನ್ನು ಮಾತ್ರ ಅವರು ಸಹಿಸಲಿಲ್ಲ.

ಮುನ್ನೂರು ವರ್ಷಗಳ ಬಳಿಕ ಇಟಲಿಯ ಮೊಂಟೆ ಕಸೀನೊ ಬೆಟ್ಟದ ಮೇಲಿನ ಮಠದಲ್ಲಿ ಸಂತ ಬೆನೆಡಿಕ್ಟರು ತಮ್ಮ ನಿಯಮಗ್ರಂಥ ರಚಿಸಿದರು. ಅದರ ನಲವತ್ತನೆಯ ಅಧ್ಯಾಯ ಪಾನೀಯದ ಅಳತೆಗೇ ಮೀಸಲು. ಗುರುಮಠದ ವಿದ್ಯಾರ್ಥಿಯಾಗಿ ಮೊದಲ ಸಲ ಅದನ್ನು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಇನ್ನೊಬ್ಬರ ಊಟದ ಅಳತೆ ನಿರ್ಧರಿಸಲು ತಮಗೆ ಸಂಕೋಚವೆನಿಸುತ್ತದೆ ಎಂದು ಆ ಮಹಾಸಂತರು ಒಪ್ಪಿಕೊಳ್ಳುತ್ತಾರೆ. ದ್ರಾಕ್ಷಾರಸ ಸನ್ಯಾಸಿಗಳಿಗೆ ತಕ್ಕುದಲ್ಲವೆಂದು ಓದಿದ್ದೇವೆ. ಆದರೆ ಈಗಿನ ಕಾಲದ ಸನ್ಯಾಸಿಗಳನ್ನು ಅದಕ್ಕೆ ಒಪ್ಪಿಸಲಾಗುವುದಿಲ್ಲವಾದ್ದರಿಂದ ಹೊಟ್ಟೆತುಂಬ ಕುಡಿಯದಿರುವುದಕ್ಕಾದರೂ ಒಪ್ಪೋಣ ಎನ್ನುತ್ತಾರೆ. ದಿನಕ್ಕೆ ಒಬ್ಬರಿಗೆ ಒಂದು ಹೆಮಿನ, ಎಂದರೆ ರೋಮನ್ ಅಳತೆಯಂತೆ ಸುಮಾರು ಕಾಲು ಲೀಟರ್. ಇದನ್ನು ಗೊತ್ತುಮಾಡುವಾಗ ಅವರು ಗಮನಿಸಿದ್ದು ದುರ್ಬಲರ ಅಗತ್ಯವನ್ನು. ಪೂರ್ತಿ ಬಿಡುವ ಶಕ್ತಿಯನ್ನು ದೇವರಿಂದ ಪಡೆದವರಿಗೆ ವಿಶೇಷ ಪ್ರತಿಫಲವಿದೆ. ಬಡ ಊರಿನಲ್ಲಿ ಅದು ಸಿಗದೇ ಹೋದರೆ ದೇವರನ್ನು ಸ್ತುತಿಸಬೇಕು, ಗೊಣಗಬಾರದು. ಮಠದೊಳಗೆ ಹುಟ್ಟಿನಿಂದ ಗುಲಾಮನಾಗಿದ್ದವನೂ ಸ್ವತಂತ್ರನಾಗಿದ್ದವನೂ ಸಮಾನರೆಂದು ಆ ಗ್ರಂಥ ಸಾರುತ್ತದೆ. ಪ್ಲೀನಿ ಕಂಡ ಮೂರು ದರ್ಜೆಯ ಸೀಸೆಗಳಿಗೆ ಅಲ್ಲಿ ಜಾಗವಿರಲಿಲ್ಲ.

ಚರಿತ್ರೆ ನೇರವಾಗಿ ನಡೆಯುವುದಿಲ್ಲ. ಬಲಿಪೂಜೆಯ ಪಾತ್ರೆ ಕೂಡ ಕಾಲಕ್ರಮದಲ್ಲಿ ಶ್ರೀಸಾಮಾನ್ಯರ ಕೈಯಿಂದ ದೂರವಾಯಿತು. ಕ್ರಿಸ್ತರು ರೊಟ್ಟಿಯ ರೂಪದಲ್ಲಿಯೂ ಪೂರ್ಣವಾಗಿ ಇದ್ದಾರೆಂಬ ನಂಬಿಕೆ ಸತ್ಯವೇ. ಆದರೂ 1415ರಲ್ಲಿ ಕಾನ್‌ಸ್ಟೆನ್ಸ್ ಮಹಾಸಭೆ ಪಾತ್ರೆಯನ್ನು ವಿಶ್ವಾಸಿಗಳಿಗೆ ನೀಡಬಾರದೆಂದು ವಿಧಿಸಿದಾಗ ಬೊಹೇಮಿಯದ ಜನ ದಂಗೆಯೆದ್ದರು, ಪಾತ್ರೆಯೇ ಅವರ ಲಾಂಛನವಾಯಿತು. ವರ್ಷಗಟ್ಟಲೆ ರಕ್ತ ಹರಿಯಿತು. ಎರಡೂ ರೂಪಗಳಲ್ಲಿ ಪ್ರಸಾದ ನೀಡುವ ಬಾಗಿಲನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ ಮತ್ತೆ ತೆರೆದದ್ದು 1963ರಲ್ಲಿ.

ಇನ್ನು ಆ ಮೊಮ್ಮಗ ಹೇಳಿದ ನಿಯಮದ ವಿಚಾರ. ಒಂದೊಂದು ಭಕ್ಷ್ಯಕ್ಕೆ ಒಂದೊಂದು ವೈನ್ ಎಂಬ ಕಟ್ಟುಪಾಡು ಹಬ್ಬಿದ್ದು, ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಭಕ್ಷ್ಯಗಳನ್ನು ಒಂದಾದ ಮೇಲೊಂದರಂತೆ ಬಡಿಸುವ ಪದ್ಧತಿ ಬಂದ ಮೇಲೆ. 1855ರ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ ಬೋರ್ಡೊ ಪ್ರಾಂತ್ಯದ ಕೆಂಪು ವೈನುಗಳನ್ನು ದಲ್ಲಾಳಿಗಳು ಐದು ದರ್ಜೆಗಳಾಗಿ ವಿಂಗಡಿಸಿದರು; ಮಾರುಕಟ್ಟೆಯ ಬೆಲೆಯೇ ಅದಕ್ಕೆ ಆಧಾರವಾಗಿತ್ತು. ರುಚಿಯ ತಿಳಿವಳಿಕೆ ತಪ್ಪಲ್ಲ. ಆದರೆ ಧರ್ಮಸಭೆಯ ಕಾನೂನು ಬಲಿಪೂಜೆಯ ದ್ರಾಕ್ಷಾರಸಕ್ಕೆ ಬಣ್ಣವನ್ನಾಗಲಿ, ದರ್ಜೆಯನ್ನಾಗಲಿ ವಿಧಿಸಿಲ್ಲ. ಅದು ದ್ರಾಕ್ಷಿಯ ಸಹಜ ರಸವಾಗಿರಬೇಕು, ಕೆಟ್ಟಿರಬಾರದು, ಅಷ್ಟೇ.

ಆ ಕಾನೂನಿಗೂ ಒಂದು ಕರುಣೆಯ ಮುಖವಿದೆ. ಕುಡಿತದ ರೋಗದಿಂದ ಚೇತರಿಸಿಕೊಳ್ಳುತ್ತಿರುವ ಯಾಜಕನಿಗೆ ಪೂಜಾಪಾತ್ರೆಯ ಒಂದು ಗುಟುಕು ಕೂಡ ಅಪಾಯ ತರಬಹುದು. ಅಂಥವರು ಹುದುಗು ತಡೆದಿಟ್ಟ ತಾಜಾ ದ್ರಾಕ್ಷಿರಸವನ್ನು ಬಳಸಲು ಧರ್ಮಾಧ್ಯಕ್ಷರು ಅನುಮತಿ ನೀಡಬಹುದೆಂದು 2003ರಲ್ಲಿ ರೋಮ್ ಸ್ಪಷ್ಟಪಡಿಸಿತು. 2017ರ ಸುತ್ತೋಲೆ ಅದನ್ನು ಮತ್ತೆ ನೆನಪಿಸಿತು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಮುಸ್ತುಂ ಎಂದು ಹೆಸರು. ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂಬ ಸಲಹೆ ತಿಮೊಥೇಯನಿಗೆ ಬರೆದ ಪತ್ರದಲ್ಲಿದೆ. ನಿನ್ನ ಸಹೋದರ ಎಡವುವುದಾದರೆ ದ್ರಾಕ್ಷಾರಸ ಕುಡಿಯದಿರುವುದೇ ಲೇಸು ಎಂಬ ಮಾತು ರೋಮನರಿಗೆ ಬರೆದ ಪತ್ರದಲ್ಲಿದೆ. ಎರಡೂ ಪವಿತ್ರ ಗ್ರಂಥದ ಮಾತುಗಳೇ. ಯಾವಾಗ ಯಾವುದನ್ನು ಪಾಲಿಸಬೇಕೆಂಬುದು ನಮ್ಮ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬುದರ ಮೇಲೆ ನಿಂತಿದೆ.

ಆ ಕ್ರಿಸ್ಮಸ್ ಮಧ್ಯಾಹ್ನ ಅಜ್ಜಿ ಇದಾವುದನ್ನೂ ಓದಿರಲಿಲ್ಲ. ಅವರು ಎದ್ದು ಅಡುಗೆಮನೆಗೆ ಹೋಗಿ, ಮಕ್ಕಳಿಗೆಂದು ಮಾಡಿಟ್ಟಿದ್ದ ದ್ರಾಕ್ಷಿ ಶರಬತ್ತಿನ ಜಗ್ಗನ್ನು ತಂದರು. ಅಳಿಯನ ಗ್ಲಾಸನ್ನು ತಾವೇ ನೆಟ್ಟಗೆ ನಿಲ್ಲಿಸಿ ತುಂಬಿದರು. ಆಮೇಲೆ ನನ್ನ ಗ್ಲಾಸಿಗೂ, ಮಗನ ಗ್ಲಾಸಿಗೂ, ಕೊನೆಗೆ ತಮ್ಮದಕ್ಕೂ ಅದನ್ನೇ ಹಾಕಿದರು. ಮೊಮ್ಮಗ ಏನೂ ಹೇಳದೆ ಎರಡು ಸೀಸೆಗಳನ್ನೂ ಎತ್ತಿ ಬೀರುವಿನೊಳಗಿಟ್ಟು ಬಂದು, ತನ್ನ ಗ್ಲಾಸನ್ನು ಮುಂದೆ ಚಾಚಿದ. “ಮಾವ, ಹಬ್ಬದ ಶುಭಾಶಯ” ಎಂದ. ಅಳಿಯನ ಕಣ್ಣು ತುಂಬಿದ್ದನ್ನು ಎಲ್ಲರೂ ಕಂಡರು, ಯಾರೂ ಕಾಣದವರಂತಿದ್ದರು.

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಕುಡಿತದಿಂದ ನಲುಗಿದ ಮನೆಗಳೆಷ್ಟು ಎಂಬುದು ನಿಮಗೂ ಗೊತ್ತು, ಪಾಪನಿವೇದನೆ ಆಲಿಸುವ ನಮಗೂ ಗೊತ್ತು. ಮುಂದಿನ ಹಬ್ಬಕ್ಕೋ ಮದುವೆಗೋ ಯಾವ ವೈನ್ ತರಬೇಕೆಂದು ಮನೆಯಲ್ಲಿ ಮಾತು ಬಂದಾಗ, ಬೆಲೆ, ಬಣ್ಣ ವಿಚಾರಿಸುವ ಮುನ್ನ ಊಟಕ್ಕೆ ಬರುವವರ ಹೆಸರುಗಳನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಿ. ಅವರಲ್ಲಿ ಒಬ್ಬರಾದರೂ ಗ್ಲಾಸನ್ನು ಬೋರಲು ಹಾಕಬೇಕಾದ ಸ್ಥಿತಿಯಲ್ಲಿದ್ದರೆ, ಅಂದು ಎಲ್ಲರಿಗೂ ಒಂದೇ ಪಾನೀಯವಿರಲಿ.