ಚಿತ್ರ ಯಾವಾಗ ಬರಬೇಕು?

ವೆಬ್ ಪುಟದಲ್ಲಿ ಚಿತ್ರ ತೋರಿಸೋಕೆ ಒಂದು ಟ್ಯಾಗ್ ಇರಲಿ ಅಂತ ಮಾರ್ಕ್ ಆಂಡ್ರೀಸನ್ ಸೂಚಿಸಿದ್ದು 1993ರ ಫೆಬ್ರವರಿಯಲ್ಲಿ. ಚಿತ್ರವೇನೋ ಬಂತು, ಜೊತೆಗೆ ಕಾಯುವ ಕೆಲಸವೂ ಬಂತು! 56ಕೆ ಮೋಡೆಮ್ ಅಂದ್ರೆ ಸೆಕೆಂಡಿಗೆ ಹೆಚ್ಚೆಂದರೆ 7 ಕಿಲೋಬೈಟ್. 70 ಕಿಲೋಬೈಟಿನ ಒಂದು ಫೋಟೋಗೆ 10 ಸೆಕೆಂಡು. ಅದಕ್ಕೇ ಆಗಿನ ನೆಟ್‌ಸ್ಕೇಪಿನಲ್ಲಿ ಚಿತ್ರಗಳೇ ಬೇಡ ಅನ್ನೋ ಆಯ್ಕೆಯೂ ಇತ್ತು. ಹಿಡಿತ ಓದುಗರ ಕೈಲಿತ್ತು.

1996ರ ನೆಟ್‌ಸ್ಕೇಪ್ 3ರಲ್ಲಿ ಜಾವಾಸ್ಕ್ರಿಪ್ಟಿಗೆ ಇಮೇಜ್ ಆಬ್ಜೆಕ್ಟ್ ಸಿಕ್ಕಿತು. ಹಿಡಿತ ಪುಟ ಬರೆಯುವವರಿಗೂ ಬಂತು. ಮೌಸ್ ಇಟ್ಟರೆ ಬಣ್ಣ ಬದಲಿಸುವ ಬಟನ್ನುಗಳು ನೆನಪಿದೆಯಾ? ಆ ಎರಡನೇ ಚಿತ್ರವನ್ನು ಸ್ಕ್ರಿಪ್ಟ್ ಮೊದಲೇ ತರಿಸಿಟ್ಟಿರುತ್ತಿತ್ತು.

2007ರಲ್ಲಿ ಬಂದ ಮಿಕಾ ತೂಪೋಲಾ ಅವರ 'ಲೇಜಿ ಲೋಡ್' ಪ್ಲಗಿನ್ ಮಾಡಿದ್ದು ಇದರ ತದ್ವಿರುದ್ಧ: ಓದುಗರು ಸ್ಕ್ರಾಲ್ ಮಾಡಿ ಹತ್ತಿರ ಬಂದಾಗ ಮಾತ್ರ ಚಿತ್ರ ತರಿಸು! ಆದರೆ ವಿಳಾಸ ಕಂಡ ಕೂಡಲೇ ಬ್ರೌಸರ್ ಸ್ಕ್ರಿಪ್ಟಿಗೆ ಕಾಯದೆ ಚಿತ್ರ ತರಿಸಿಬಿಡುತ್ತದಲ್ಲ... ಹಾಗಾಗಿ ನಿಜವಾದ ವಿಳಾಸವನ್ನು 'ಡೇಟಾ-ಎಸ್‌ಆರ್‌ಸಿ'ಯಲ್ಲಿ ಬಚ್ಚಿಡುವುದು ರೂಢಿಯಾಯಿತು. ಸ್ಕ್ರಿಪ್ಟ್ ಕೈಕೊಟ್ಟರೆ ಚಿತ್ರವೂ ಇಲ್ಲ.

2016ರಲ್ಲಿ ಕ್ರೋಮ್ 51 'ಇಂಟರ್‌ಸೆಕ್ಷನ್ ಅಬ್ಸರ್ವರ್' ಕೊಟ್ಟಿತು; ಪ್ರತಿ ಸ್ಕ್ರಾಲಿಗೂ ಲೆಕ್ಕ ಹಾಕೋ ಕಷ್ಟ ತಪ್ಪಿತು. 2019ರ ಕ್ರೋಮ್ 76ರಲ್ಲಿ ಇಮೇಜ್ ಟ್ಯಾಗಿಗೇ 'ಲೋಡಿಂಗ್=ಲೇಜಿ' ಬಂತು. ಸ್ಕ್ರಿಪ್ಟೇ ಬೇಡ!

ಆದರೂ ಒಂದು ತಮಾಷೆ ನೋಡಿ. ಓದುಗರು ಸ್ಕ್ರಿಪ್ಟ್ ಆಫ್ ಮಾಡಿದ್ದರೆ ಬ್ರೌಸರ್ ಈ 'ಲೇಜಿ'ಯನ್ನು ಲೆಕ್ಕಕ್ಕೇ ತಗೊಳ್ಳಬಾರದು ಅನ್ನುತ್ತೆ ಎಚ್‌ಟಿಎಂಎಲ್ ನಿಯಮ. ಯಾಕೆ ಅಂತೀರಾ? ಯಾವ ಚಿತ್ರ ಯಾವಾಗ ಹೋಯ್ತು ಅಂತ ಸರ್ವರಿಗೆ ಗೊತ್ತಾದರೆ, ನೀವು ಎಲ್ಲಿವರೆಗೆ ಓದಿದಿರಿ ಅನ್ನೋದೂ ಗೊತ್ತಾಗುತ್ತೆ. ಚಿತ್ರ ತಡವಾಗಿ ಬರೋದು ಓದುಗರ ಅನುಕೂಲಕ್ಕೆ, ಅವರ ಮೇಲೆ ಕಣ್ಣಿಡೋಕಲ್ಲ. ಏನಂತೀರಿ?