ಸಾಮಾನಿನ ಪಟ್ಟಿ ಕೊಡುವ ಕ್ಲಾಸು

ಮದುವೆ ಮನೆಯ ಅಡುಗೆ ಭಟ್ಟರು ಅಕ್ಕಿ ಬೇಳೆಗಾಗಿ ತಾವೇ ಅಂಗಡಿಗೆ ಓಡುವುದಿಲ್ಲ. ಮೊದಲೇ ಪಟ್ಟಿ ಕೊಡುತ್ತಾರೆ, ಮನೆಯವರು ತಂದಿಡುತ್ತಾರೆ. ಸಾಫ್ಟ್‌ವೇರಿನ 'ಡಿಪೆಂಡೆನ್ಸಿ ಇಂಜೆಕ್ಷನ್' ಎಂದರೂ ಇಷ್ಟೇ: ಕ್ಲಾಸು ತನಗೆ ಬೇಕಾದುದನ್ನು ತಾನೇ ಹುಡುಕಿ ತರದೆ ಹೊರಗಿನವರಿಂದ ಪಡೆಯುವುದು. ಇಷ್ಟು ಸಣ್ಣ ಮಾತಿಗೆ ಅಷ್ಟು ಭಾರದ ಹೆಸರೇಕೆ ಬಂತೆಂದು ತಿಳಿಯಲು 2000ದ ಆಸುಪಾಸಿನ ಜಾವಾ ಲೋಕಕ್ಕೆ ಹೋಗಬೇಕು.

ಆಗ ದೊಡ್ಡ ವೆಬ್ ಅಪ್ಲಿಕೇಶನ್ ಎಂದರೆ ಜೆ2ಇಇ. ಒಂದು ಎಂಟರ್‌ಪ್ರೈಸ್ ಜಾವಾ ಬೀನ್ ಬರೆಯಲು ಎರಡು ಇಂಟರ್‌ಫೇಸ್, ಒಂದು ಕ್ಲಾಸ್, ಮೇಲೊಂದು ಎಕ್ಸ್‌ಎಂಎಲ್ ಫೈಲು. ಅದಕ್ಕೆ ಡೇಟಾಬೇಸ್ ಬೇಕಾದರೆ ಜೆಎನ್‌ಡಿಐ ಎಂಬ ಹೆಸರುಗಳ ಕೋಶದಲ್ಲಿ ತಾನೇ ಹುಡುಕಬೇಕು. ಆ ಕೋಶ ಇರುವುದು ಸರ್ವರಿನೊಳಗೆ. ಹಾಗಾಗಿ ಬಡ್ಡಿ ಲೆಕ್ಕ ಹಾಕುವ ಹತ್ತು ಸಾಲು ಸರಿಯಿದೆಯೇ ಎಂದು ನೋಡಲೂ ಇಡೀ ಸರ್ವರನ್ನು ಎಬ್ಬಿಸಬೇಕು. ಪುಣೆ, ಹೈದರಾಬಾದುಗಳಲ್ಲಿ ಆ ಕಾಲಕ್ಕೆ ಜಾವಾ ಬರೆದವರಿಗೆ, ಸರ್ವರ್ ಏಳುವ ತನಕ ಕುಡಿದ ಚಹಾ ನೆನಪಿರಬಹುದು. ಯೂನಿಟ್ ಟೆಸ್ಟ್ ಬರೆಯುವ ಅಭ್ಯಾಸ ಹರಡುತ್ತಿದ್ದ ದಿನಗಳವು. ತಕರಾರು ಹುಟ್ಟಿದ್ದೇ ಅಲ್ಲಿ.

2002ರಲ್ಲಿ ರಾಡ್ ಜಾನ್ಸನ್ ಜೆ2ಇಇ ಕುರಿತ ತಮ್ಮ ಪುಸ್ತಕದ ಜೊತೆ ಸುಮಾರು 30,000 ಸಾಲು ಕೋಡ್ ಕೊಟ್ಟರು. ಓದಿದವರಲ್ಲಿ ಯುರ್ಗನ್ ಹೊಲರ್, ಯಾನ್ ಕರೋಫ್ ಇಬ್ಬರು ಒತ್ತಾಯಿಸಿ ಅದನ್ನು ಓಪನ್ ಸೋರ್ಸ್ ಮಾಡಿಸಿದರು. ಜೆ2ಇಇಯ ಚಳಿಗಾಲ ಮುಗಿದ ಮೇಲಿನ ವಸಂತವೆಂದು 'ಸ್ಪ್ರಿಂಗ್' ಹೆಸರು ಕೊಟ್ಟವರು ಕರೋಫ್. ಮಾರ್ಚ್ 2004ರಲ್ಲಿ ಅದರ 1.0 ಆವೃತ್ತಿ ಬಂತು.

ಅದಕ್ಕೆ ಎರಡು ತಿಂಗಳ ಮೊದಲು ಮಾರ್ಟಿನ್ ಫೌಲರ್ ಒಂದು ಲೇಖನ ಬರೆದಿದ್ದರು. ಈ ವಿಧಾನವನ್ನು ಅದುವರೆಗೆ 'ಇನ್ವರ್ಶನ್ ಆಫ್ ಕಂಟ್ರೋಲ್' ಎನ್ನುತ್ತಿದ್ದರು. ಅದು ಯಾವ ಫ್ರೇಮ್‌ವರ್ಕಿಗೂ ಹೊಂದುವ ಮಾತು, ಗೊಂದಲವಾಗುತ್ತದೆ ಎಂದು, ಈ ಬಗೆಯ ಕಂಟೇನರ್ ಕಟ್ಟುತ್ತಿದ್ದವರೊಡನೆ ಚರ್ಚಿಸಿ, ಅವರು 'ಡಿಪೆಂಡೆನ್ಸಿ ಇಂಜೆಕ್ಷನ್' ಎಂಬ ಹೆಸರನ್ನು ನೆಲೆಗೊಳಿಸಿದರು. ಹೆಸರು ಸ್ಪಷ್ಟವಾಯಿತು, ನಿಜ; ಹೊಸಬರಿಗೆ ಭಯವೂ ಹುಟ್ಟಿತು.

ಸರ್ವರಿನ ಹಂಗು ತಪ್ಪಿತು. ಆದರೆ ಯಾರಿಗೆ ಏನು ಕೊಡಬೇಕೆಂಬ ಲೆಕ್ಕವೆಲ್ಲ ಉದ್ದುದ್ದ ಎಕ್ಸ್‌ಎಂಎಲ್ ಫೈಲುಗಳಿಗೆ ಹೋಗಿ ಕೂತಿತು. ಅಲ್ಲಿ ಕ್ಲಾಸಿನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಕಂಪೈಲರ್ ಸುಮ್ಮನಿರುತ್ತಿತ್ತು. ಅಪ್ಲಿಕೇಶನ್ ಶುರುಮಾಡಿದಾಗಲೇ ಗೊತ್ತಾಗುತ್ತಿದ್ದುದು. 2007ರಲ್ಲಿ ಗೂಗಲ್‌ನ ಗೈಸ್ ಎಕ್ಸ್‌ಎಂಎಲ್ ಬಿಟ್ಟು, ಕೋಡಿನಲ್ಲೇ ಅನೊಟೇಶನ್ ಬರೆಯುವ ದಾರಿ ಹಿಡಿಯಿತು. ಸ್ಪ್ರಿಂಗ್‌ಗೂ ಅನೊಟೇಶನ್ ಬಂತು. ಅದರಿಂದ ಇನ್ನೊಂದು ಚಟ ಅಂಟಿತು: ಕನ್‌ಸ್ಟ್ರಕ್ಟರ್ ಬಿಟ್ಟು ಒಳಗಿನ ಫೀಲ್ಡುಗಳಿಗೇ ಅನೊಟೇಶನ್ ಹಚ್ಚುವುದು. ಕ್ಲಾಸಿಗೆ ಏನೇನು ಬೇಕೆಂಬ ಪಟ್ಟಿ ಮತ್ತೆ ಮರೆಗೆ ಸರಿಯಿತು.

ಅತ್ಯಗತ್ಯವಾದುದನ್ನು ಕನ್‌ಸ್ಟ್ರಕ್ಟರಿನಲ್ಲೇ ಕೇಳಿ ಎಂದು ಸ್ಪ್ರಿಂಗ್‌ನವರೇ ಈಗ ಹೇಳುತ್ತಾರೆ. 2016ರ 4.3 ಆವೃತ್ತಿಯಿಂದ, ಒಂದೇ ಕನ್‌ಸ್ಟ್ರಕ್ಟರ್ ಇರುವ ಕ್ಲಾಸಿಗೆ ಆ ಅನೊಟೇಶನ್ನೂ ಬೇಕಿಲ್ಲ.