ಪ್ರಕಾಶ್ ಇಲ್ಲದ ಏಷ್ಯಾಡ್

2023ರ ಅಕ್ಟೋಬರ್ 7. ತಿಂಗಳ ಮೊದಲನೇ ಶನಿವಾರ, ಹಾಗಾಗಿ ಬ್ಯಾಂಕಿಗೆ ರಜೆ ಇಲ್ಲ. ನಮ್ಮ ಬ್ರಾಂಚಿನ ಹುಡುಗನೊಬ್ಬ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಕೆಲಸದ ನಡುವೆ ಕದ್ದು ಕದ್ದು ನೋಡುತ್ತಿದ್ದ. ನೋಡಿಯೂ ನೋಡದ ಹಾಗೆ ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ "ಸರ್, ಗೋಲ್ಡ್ ಮಿಳಾಲಂ!" ಎಂದು ಮರಾಠಿಯಲ್ಲಿ ಕೂಗಿಯೇ ಬಿಟ್ಟ. ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸಾತ್ವಿಕ್ ಸಾಯಿರಾಜ್ ಮತ್ತು ಚಿರಾಗ್ ಶೆಟ್ಟಿ ಕೊರಿಯಾದ ಜೋಡಿಯನ್ನು 21-18, 21-16ರಿಂದ ಸೋಲಿಸಿದ್ದರು. ಏಷ್ಯಾಡ್ ಬ್ಯಾಡ್ಮಿಂಟನ್‌ನಲ್ಲಿ ಭಾರತಕ್ಕೆ ಮೊಟ್ಟಮೊದಲ ಚಿನ್ನ.

ಚಿರಾಗ್ ನಮ್ಮ ಮಲಾಡ್‌ನ ಹುಡುಗ, ಮೂಲ ತುಳುನಾಡು. ಮುಂಬೈಯಲ್ಲಿ ಶೆಟ್ಟಿ ಅಂದರೆ ಹೋಟೆಲ್ ಎಂದೇ ತಿಳಿದಿದ್ದ ಜನಕ್ಕೆ ಇನ್ನೊಂದು ಅರ್ಥವೂ ಗೊತ್ತಾಯಿತು. ಎಲ್ಲರೂ ಸಿಹಿ ತಿಂದೆವು. ಆದರೆ ಆವತ್ತು ಸಂಜೆ ಲೋಕಲ್‌ನಲ್ಲಿ ಮನೆಗೆ ಬರುವಾಗ ನನಗೆ ನೆನಪಾದದ್ದು 41 ವರ್ಷ ಹಿಂದಿನ ಒಂದು ಪ್ರಶ್ನೆ.

1982ರಲ್ಲಿ ನನಗೆ ಹನ್ನೆರಡು ವರ್ಷ. ಊರು ಸಾಗರ. ದಿಲ್ಲಿ ಏಷ್ಯಾಡ್, ಅಪ್ಪು ಆನೆ ಅಂತ ಎಲ್ಲೆಲ್ಲೂ ಅದೇ ಮಾತು. ನಮ್ಮ ಸೋದರಮಾವನಿಗೆ ಶಟಲ್ ಹುಚ್ಚು. ಪೇಪರ್ ಬಂದ ಕೂಡಲೇ ನಾನು ಆಟಗಾರರ ಹೆಸರು ಓದಿ ಹೇಳಬೇಕು. ಒಂದು ದಿನ ಕೇಳಿದೆ: "ಮಾವ, ಇದರಲ್ಲಿ ಪ್ರಕಾಶ್ ಪಡುಕೋಣೆ ಹೆಸರೇ ಇಲ್ವಲ್ಲ?" ಮಾವ ಉತ್ತರ ಕೊಡಲಿಲ್ಲ. ಪೇಪರ್ ಮಡಚಿಟ್ಟು ಎದ್ದು ಹೋದ. ಅವನಿಗೆ ಎಷ್ಟು ಬೇಸರವಾಗಿತ್ತು ಎಂಬುದು ಅರ್ಥವಾಗಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಏಷ್ಯನ್ ಗೇಮ್ಸ್‌ಗೆ ಬ್ಯಾಡ್ಮಿಂಟನ್ ಬಂದದ್ದು 1962ರ ಜಕಾರ್ತದಲ್ಲಿ. ಆತಿಥೇಯರಾದ ಇಂಡೋನೇಷ್ಯಾದವರಿಗೆ ಈ ಆಟವೆಂದರೆ ಪ್ರಾಣ. ಪುರುಷರ ಸಿಂಗಲ್ಸ್ ಚಿನ್ನ ಅವರ ತಾನ್ ಜೋ ಹಾಕ್‌ಗೆ, ಮಹಿಳೆಯರದ್ದು ಮಿನಾರ್ನಿಗೆ. ನಮ್ಮ ಖಾತೆ ತೆರೆದದ್ದು 1974ರ ಟೆಹರಾನ್‌ನಲ್ಲಿ, ಪುರುಷರ ತಂಡಕ್ಕೆ ಸಿಕ್ಕ ಕಂಚಿನಿಂದ. ಆ ತಂಡದಲ್ಲಿ 19 ವರ್ಷದ ಪ್ರಕಾಶ್ ಇದ್ದರು. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ ಆಟ ಕಲಿತವರು ಅವರು. ಮದುವೆ ಇದ್ದ ದಿನ ಪ್ರಾಕ್ಟೀಸ್ ಇಲ್ಲ!

ಟೆಹರಾನ್‌ನ ಇನ್ನೊಂದು ವಿಶೇಷ, ಚೀನಾ ಬಂದದ್ದು. ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್‌ಗೆ ಚೀನಾ ಸೇರಿದ್ದು 1981ರಲ್ಲಿ. ಅಲ್ಲಿಯವರೆಗೆ ಆಲ್ ಇಂಗ್ಲೆಂಡ್‌ನಂಥ ಟೂರ್ನಿಗಳಲ್ಲಿ ಅವರು ಇರುತ್ತಿರಲಿಲ್ಲ. ಏಷ್ಯಾಡ್‌ನಲ್ಲಿ ಮಾತ್ರ 1974ರಲ್ಲೇ ಬಂದು ಪುರುಷರ ತಂಡದ ಚಿನ್ನ, ಸಿಂಗಲ್ಸ್ ಚಿನ್ನ ಎರಡನ್ನೂ ಒಯ್ದರು. ಸಿಂಗಲ್ಸ್ ಗೆದ್ದ ಹೌ ಜಿಯಾಚಾಂಗ್ ಹುಟ್ಟಿದ್ದು ಇಂಡೋನೇಷ್ಯಾದಲ್ಲಿ. ಪರವೂರಿಗೆ ಹೋದವರ ಕಥೆ ನಮ್ಮದೊಂದೇ ಅಲ್ಲ ನೋಡಿ.

ಏಷ್ಯಾಡ್ ಎಷ್ಟು ಕಷ್ಟ ಎಂಬುದು ಇಲ್ಲೇ ಗೊತ್ತಾಗುತ್ತದೆ. ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಚೀನಾ, ಇಂಡೋನೇಷ್ಯಾ, ಕೊರಿಯಾ ಇಲ್ಲ. 1978ರಲ್ಲಿ ಎಡ್ಮಂಟನ್‌ನಲ್ಲಿ ಪ್ರಕಾಶ್, 1982ರಲ್ಲಿ ಬ್ರಿಸ್ಬೇನ್‌ನಲ್ಲಿ ಸೈಯದ್ ಮೋದಿ ಅಲ್ಲಿ ಸಿಂಗಲ್ಸ್ ಚಿನ್ನ ಗೆದ್ದರು. ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಏಷ್ಯಾಡ್ ಅಂದರೆ ಡೆನ್ಮಾರ್ಕ್, ಇಂಗ್ಲೆಂಡ್‌ನಂಥ ಕೆಲವರನ್ನು ಬಿಟ್ಟರೆ ಹೆಚ್ಚುಕಡಿಮೆ ವಿಶ್ವ ಚಾಂಪಿಯನ್‌ಷಿಪ್ಪೇ.

ಈಗ 1982ಕ್ಕೆ ಬರುತ್ತೇನೆ. ದಿಲ್ಲಿಯಲ್ಲಿ ಚೀನಾದ ಹಾನ್ ಜಿಯಾನ್‌ಗೆ ಸಿಂಗಲ್ಸ್ ಚಿನ್ನ, ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ಗೆ ಬೆಳ್ಳಿ. ಈ ಎರಡು ಹೆಸರು ನೆನಪಿಡಿ. 1980ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಪ್ರಕಾಶ್ 15-3, 15-10ರಿಂದ ಸೋಲಿಸಿದ್ದು ಇದೇ ಲಿಯೆಮ್ ಅವರನ್ನು. 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ 15-0, 18-16ರಿಂದ ಸೋಲಿಸಿದ್ದು ಇದೇ ಹಾನ್ ಜಿಯಾನ್ ಅವರನ್ನು. ಒಂದೆರಡು ವರ್ಷದ ಹಿಂದೆ ಇಬ್ಬರನ್ನೂ ದೊಡ್ಡ ಫೈನಲ್‌ಗಳಲ್ಲಿ ಗೆದ್ದಿದ್ದ ಮನುಷ್ಯ, ತನ್ನದೇ ದೇಶದಲ್ಲಿ ಏಷ್ಯಾಡ್ ನಡೆದಾಗ ಅಂಕಣದಲ್ಲಿ ಇರಲಿಲ್ಲ.

ಕಾರಣ ದುಡ್ಡು. ದುರಾಸೆ ಅಲ್ಲ, ದುಡ್ಡು. ಆಗಿನ ಏಷ್ಯಾಡ್ ಅಮೆಚೂರ್‌ಗಳದ್ದು. ಪ್ರಕಾಶ್ ಡೆನ್ಮಾರ್ಕ್‌ನಲ್ಲಿ ನೆಲೆಸಿ ಬಹುಮಾನದ ಹಣವಿದ್ದ ಟೂರ್ನಿಗಳಲ್ಲಿ ಆಡುತ್ತಿದ್ದರು. ಅದಕ್ಕೆ ಮೊದಲು ಅವರೂ ನಮ್ಮ ಹಾಗೆ ಬ್ಯಾಂಕಿನವರೇ, ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಇದ್ದವರು. ಬ್ಯಾಂಕಿನ ಸಂಬಳ ತಗೊಂಡು ಆಡಿದರೆ ಅಮೆಚೂರ್, ಆಟದಿಂದಲೇ ನಾಲ್ಕು ಕಾಸು ಸಂಪಾದಿಸಿದರೆ ಅಲ್ಲ! ಬಿ.ಕಾಂ. ಓದಿದ ನನಗೆ ಈ ಲೆಕ್ಕ ಇವತ್ತಿಗೂ ಟ್ಯಾಲಿ ಆಗಿಲ್ಲ. ಆ ಗೆರೆ ಆಮೇಲೆ ತಾನಾಗಿಯೇ ಅಳಿಸಿಹೋಯಿತು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಉಳಿದವರಿಗೆ ಅನ್ಯಾಯ. ಪ್ರಕಾಶ್ ಇಲ್ಲದೆಯೂ ದಿಲ್ಲಿಯಲ್ಲಿ ಭಾರತ ಐದು ಕಂಚು ಗೆದ್ದಿತು. ಪುರುಷರ ತಂಡ, ಮಹಿಳೆಯರ ತಂಡ, ಸಿಂಗಲ್ಸ್‌ನಲ್ಲಿ ಸೈಯದ್ ಮೋದಿ, ಡಬಲ್ಸ್‌ನಲ್ಲಿ ಲೆರಾಯ್ ಡಿಸಾ - ಪ್ರದೀಪ್ ಗಂಧೆ, ಮಿಕ್ಸೆಡ್‌ನಲ್ಲಿ ಲೆರಾಯ್ ಡಿಸಾ - ಕನ್ವಲ್ ಠಾಕರ್ ಸಿಂಗ್. ಪ್ರಕಾಶ್ ಅವರ ಸತತ ಒಂಬತ್ತು ವರ್ಷದ ರಾಷ್ಟ್ರೀಯ ಪಟ್ಟವನ್ನು 1980ರಲ್ಲಿ ಕಸಿದುಕೊಂಡದ್ದು ಇದೇ ಮೋದಿ. 1988ರ ಜುಲೈನಲ್ಲಿ ಲಖನೌನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಇವತ್ತು ಅವರ ಹೆಸರು ಹೇಳಿದರೆ ಜನಕ್ಕೆ ಕೊಲೆ ನೆನಪಾಗುತ್ತದೆ, ಕಂಚು ನೆನಪಾಗುವುದಿಲ್ಲ.

1986ರ ಸೋಲ್‌ನಲ್ಲಿ ಪ್ರಕಾಶ್ ಮತ್ತೆ ಏಷ್ಯಾಡ್ ಆಡಿದರು. ವಯಸ್ಸು 31. ಪುರುಷರ ತಂಡಕ್ಕೆ ಕಂಚು. ಹೀಗೆ ಆಲ್ ಇಂಗ್ಲೆಂಡ್ ಗೆದ್ದವರ ಹೆಸರಿನಲ್ಲಿ ಏಷ್ಯಾಡ್‌ನ ಎರಡು ಕಂಚಷ್ಟೇ ಇವೆ, ಅವೂ ತಂಡದವು.

ಆಮೇಲೆ ದೊಡ್ಡ ಬರಗಾಲ. 28 ವರ್ಷ ಒಂದು ಪದಕವೂ ಇಲ್ಲ. 2014ರ ಇಂಚಿಯೋನ್‌ನಲ್ಲಿ ಸೈನಾ, ಸಿಂಧು ಇದ್ದ ಮಹಿಳಾ ತಂಡ ಕಂಚು ತಂದಿತು. 2018ರ ಜಕಾರ್ತದಲ್ಲಿ ಸಿಂಧುಗೆ ಬೆಳ್ಳಿ, ಸೈನಾಗೆ ಕಂಚು. ಹಾಂಗ್‌ಝೌನಲ್ಲಿ ಮೂರು ಪದಕ: ಡಬಲ್ಸ್ ಚಿನ್ನ, ಪುರುಷರ ತಂಡಕ್ಕೆ ಬೆಳ್ಳಿ, ಪ್ರಣಯ್‌ಗೆ ಸಿಂಗಲ್ಸ್ ಕಂಚು. ಮೋದಿಯ ನಂತರ ಪುರುಷರ ಸಿಂಗಲ್ಸ್‌ನಲ್ಲಿ ಪದಕ ಬಂದದ್ದು ಆಗಲೇ, 41 ವರ್ಷಕ್ಕೆ. ಒಟ್ಟು ಕೂಡಿದರೆ ಅಲ್ಲಿಯವರೆಗೆ 13.

ಆ ತಂಡದ ಫೈನಲ್ ಬಗ್ಗೆ ಒಂದು ಮಾತು. ಚೀನಾ ವಿರುದ್ಧ, ಚೀನಾದ ಮನೆಯಲ್ಲೇ, ನಾವು 2-0 ಮುಂದೆ ಇದ್ದೆವು. ಮೊದಲ ಪಂದ್ಯ ಗೆದ್ದ ಲಕ್ಷ್ಯ ಸೇನ್ ಬೆಂಗಳೂರಿನ ಪ್ರಕಾಶ್ ಅಕಾಡೆಮಿಯಲ್ಲಿ ಬೆಳೆದವರು. ಎರಡನೆಯದು ಸಾತ್ವಿಕ್-ಚಿರಾಗ್ ಅವರದು. ಬೆನ್ನು ನೋವಿನಿಂದ ಪ್ರಣಯ್ ಆಡಲಾಗಲಿಲ್ಲ. ಮುಂದಿನ ಎರಡು ಪಂದ್ಯ ಕೈತಪ್ಪಿ 2-2 ಆಯಿತು. ಕೊನೆಯ ಪಂದ್ಯಕ್ಕೆ ಇಳಿದವರು ಬೆಂಗಳೂರಿನ ಮಿಥುನ್ ಮಂಜುನಾಥ್. ಎದುರಿಗೆ ವೆಂಗ್ ಹಾಂಗ್‌ಯಾಂಗ್. ಮಿಥುನ್ ಸೋತರು, ಚಿನ್ನ ಹೋಯಿತು.

ನಮ್ಮ ಕನ್ನಡ ಸಂಘದಲ್ಲಿ ಒಬ್ಬರು "ಏನ್ರೀ ನಿಮ್ಮ ಹುಡುಗ!" ಅಂದರು. ನನಗೆ ಹಾಗನಿಸಲಿಲ್ಲ. ಇನ್ನೊಬ್ಬರ ಜಾಗದಲ್ಲಿ ನಿಂತು, ಸಾವಿರಾರು ಜನ ಎದುರಾಳಿಯ ಹೆಸರು ಕೂಗುವಾಗ ಆಡುವುದು ಸುಲಭವೇ? 1982ರಲ್ಲಿ ಮೋದಿ, ಡಿಸಾ, ಗಂಧೆ, ಕನ್ವಲ್ ಮಾಡಿದ್ದೂ ಅದನ್ನೇ. ದೊಡ್ಡವರು ಬರದ ದಿನ ಯಾರೋ ಒಬ್ಬರು ಅಂಕಣಕ್ಕೆ ಇಳಿಯಲೇಬೇಕು. ಬ್ಯಾಲೆನ್ಸ್ ಶೀಟ್‌ನಲ್ಲಿ ಅಂಕಿಗಿಂತ ಕೆಳಗೆ ಸಣ್ಣ ಅಕ್ಷರದಲ್ಲಿರುವ ನೋಟ್ಸನ್ನು ಮೊದಲು ಓದಬೇಕು ಅಂತ ನಮಗೆ ಕಲಿಸಿದ್ದರು. ಪದಕಪಟ್ಟಿಗೂ ಅದೇ ಮಾತು.

ಮಾವ ಈಗ ಇಲ್ಲ. ಇದ್ದಿದ್ದರೆ ಆ ಶನಿವಾರ ಸಂಜೆ ಫೋನ್ ಮಾಡಿ "ಬಂತಲ್ಲ ಮಾವ, ಅಂತೂ ಬಂತು" ಅನ್ನುತ್ತಿದ್ದೆ.

ದಿಲ್ಲಿ ಕನ್ನಡಿಗರೇ, 1982ರಲ್ಲಿ ಅಲ್ಲೇ ಇದ್ದು ಈ ಆಟಗಳನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಮೋದಿ ಆಡಿದ್ದು ಹೇಗಿತ್ತು ಎಂದು ಕೇಳುವ ಆಸೆ ನನಗೆ ಇನ್ನೂ ಇದೆ.